ನೀರಿನಂಚಿನ ನೆಲಕ್ಕಾಗಿ ಹೋರಾಡಿದ ಸೇಠ್ ವಾಲ್‌ಚಂದ್ ಹೀರಾಚಂದ್

ಭಾರತದ ಕೈಗಾರಿಕೆಯ ಇತಿಹಾಸದಲ್ಲಿ ಜೈನ ಸಮಾಜದ ಹೆಸರನ್ನು ಎತ್ತಿ ಹಿಡಿದವರಲ್ಲಿ ಸೇಠ್ ವಾಲ್‌ಚಂದ್ ಹೀರಾಚಂದ್ ದೋಶಿ ಅವರು ಪ್ರಮುಖರು. ಹಡಗು, ವಿಮಾನ, ಮೋಟಾರು ಕಾರು ಈ ಮೂರನ್ನೂ ನಮ್ಮ ದೇಶದಲ್ಲೇ ತಯಾರಿಸಬೇಕೆಂದು ಬ್ರಿಟಿಷರ ಕಾಲದಲ್ಲೇ ಪಣ ತೊಟ್ಟವರು ಅವರು. ಬೆಂಗಳೂರಿನ ಎಚ್‌ಎಎಲ್, ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್, ಪ್ರೀಮಿಯರ್ ಕಾರುಗಳು ಎಲ್ಲವೂ ಅವರ ಪ್ರಯತ್ನದಿಂದ ಆರಂಭವಾದವು. ರಾವಲ್‌ಗಾಂವ್ ಪೆಪ್ಪರ್‌ಮಿಂಟು ಚೀಪಿ ಬೆಳೆದ ತಲೆಮಾರಿಗೆ ಅದೂ ಇದೇ ಮನೆತನದ ಸಕ್ಕರೆ ಕಾರ್ಖಾನೆಯ ಕೊಡುಗೆ ಎಂಬುದು ಗೊತ್ತಿರಲಿಕ್ಕಿಲ್ಲ.

ವಾಲ್‌ಚಂದರ ಸಾಹಸದ ಬಗ್ಗೆ ಮಾತನಾಡುವಾಗ ಬಂಡವಾಳ, ಯಂತ್ರ, ಧೈರ್ಯಗಳ ವಿಷಯವೇ ಹೆಚ್ಚು ಬರುತ್ತದೆ. ಆದರೆ ಅವರನ್ನು ಹೆಚ್ಚು ಕಾಡಿದ ಪ್ರಶ್ನೆ ಜಾಗದ್ದು. ಹಡಗು ಕಟ್ಟಬೇಕಾದರೆ ನೀರಿನ ದಡ ಬೇಕು. ಆ ದಡ ಯಾರ ಕೈಯಲ್ಲಿದೆ, ಅದನ್ನು ಯಾವ ಕೆಲಸಕ್ಕೆ ಕೊಡಬೇಕೆಂದು ಯಾರು ತೀರ್ಮಾನಿಸುತ್ತಾರೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿರುತ್ತದೆ. ವ್ಯಾಪಾರ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಗಡಿಗೆ ಜಾಗ ಮೊದಲು, ಸರಕು ಆಮೇಲೆ.

ಸೊಲ್ಲಾಪುರದ ಮನೆ

ವಾಲ್‌ಚಂದರು ಹುಟ್ಟಿದ್ದು 1882ರ ನವೆಂಬರ್ 23ರಂದು, ಸೊಲ್ಲಾಪುರದ ದಿಗಂಬರ ಜೈನ ಕುಟುಂಬವೊಂದರಲ್ಲಿ. ಮನೆತನದ ಮೂಲ ಗುಜರಾತಿನ ವಾಂಕಾನೇರ್. ತಂದೆ ಹೀರಾಚಂದರದು ಹತ್ತಿ ವ್ಯಾಪಾರ ಮತ್ತು ಲೇವಾದೇವಿ. ಸೊಲ್ಲಾಪುರವೆಂದರೆ ನಮ್ಮ ವಿಜಯಪುರ, ಕಲಬುರಗಿಗಳಿಗೆ ಪಕ್ಕದ ಊರು. ಅಲ್ಲಿನ ಪೇಟೆಯಲ್ಲಿ ಮರಾಠಿ, ಗುಜರಾತಿ, ಕನ್ನಡ, ತೆಲುಗು ನಾಲ್ಕೂ ನಡೆಯುತ್ತವೆ. ವಾಲ್‌ಚಂದರು ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡರು. ಮುಂಬಯಿಯ ಸೇಂಟ್ ಝೇವಿಯರ್ಸ್ ಮತ್ತು ಪುಣೆಯ ಡೆಕ್ಕನ್ ಕಾಲೇಜುಗಳಲ್ಲಿ ಓದಿದರೂ ಪದವಿ ಪೂರೈಸಲಿಲ್ಲ.

ಮನೆಯ ಲೇವಾದೇವಿಯಲ್ಲಿ ಅವರಿಗೆ ಮನಸ್ಸು ನಿಲ್ಲಲಿಲ್ಲ. ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಲಕ್ಷ್ಮಣರಾವ್ ಫಾಟಕ್ ಎಂಬುವರ ಜೊತೆ ಪಾಲುದಾರಿಕೆಯಲ್ಲಿ ರೈಲ್ವೆ ಗುತ್ತಿಗೆ ಹಿಡಿದರು. ಬಾರ್ಸಿ ಲೈಟ್ ರೈಲ್ವೆಯಿಂದ ಆರಂಭವಾದ ಈ ಕೆಲಸ ಮುಂದೆ ಬೋರ್ ಘಾಟಿನ ಸುರಂಗಗಳವರೆಗೆ, ತಾನ್ಸಾ ಕೆರೆಯಿಂದ ಮುಂಬಯಿಗೆ ನೀರು ತರುವ ಕೊಳವೆ ಮಾರ್ಗದವರೆಗೆ ಬೆಳೆಯಿತು. 1926ರಲ್ಲಿ ಹಿಂದೂಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿ ಆರಂಭವಾಯಿತು. ಮಣ್ಣು, ಕಲ್ಲು, ನೀರು ಇವುಗಳ ಸ್ವಭಾವ ಅರಿಯುವ ವಿದ್ಯೆ ಅವರಿಗೆ ಕಾಲೇಜಿಗಿಂತ ಹೆಚ್ಚಾಗಿ ಈ ಗುತ್ತಿಗೆ ಕೆಲಸದಲ್ಲೇ ಸಿಕ್ಕಿತು.

ಲಾಯಲ್ಟಿ ಹಡಗು

ಮೊದಲನೆಯ ಮಹಾಯುದ್ಧ ಮುಗಿದಾಗ ಮುಂಬಯಿ ಬಂದರಿನಲ್ಲಿ ಗ್ವಾಲಿಯರ್ ಮಹಾರಾಜ ಸಿಂಧಿಯಾ ಅವರ ಹಡಗೊಂದು ಮಾರಾಟಕ್ಕಿತ್ತು. ಯುದ್ಧದ ವೇಳೆ ಅದು ಆಸ್ಪತ್ರೆ ಹಡಗಾಗಿ ಸೇವೆ ಸಲ್ಲಿಸಿತ್ತು. ಹೆಸರು ಲಾಯಲ್ಟಿ. ವಾಲ್‌ಚಂದರು ನರೋತ್ತಮ್ ಮೊರಾರ್ಜಿ, ಕಿಲಾಚಂದ್ ದೇವಚಂದ್, ಲಲ್ಲೂಭಾಯಿ ಸಾಮಳದಾಸ್ ಅವರ ಜೊತೆ ಸೇರಿ ಅದನ್ನು ಕೊಂಡು, 1919ರಲ್ಲಿ ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ ಕಟ್ಟಿದರು. 1919ರ ಏಪ್ರಿಲ್ 5ರಂದು ಲಾಯಲ್ಟಿ ಮುಂಬಯಿಯಿಂದ ಇಂಗ್ಲೆಂಡಿನ ಕಡೆಗೆ ಹೊರಟಿತು. ಅದೇ ದಿನವನ್ನು ಇಂದು ರಾಷ್ಟ್ರೀಯ ಕಡಲಯಾನ ದಿನವೆಂದು ಆಚರಿಸಲಾಗುತ್ತದೆ.

ಆದರೆ ಆ ಯಾನದಿಂದ ಲಾಭ ಬರಲಿಲ್ಲ. ನಮ್ಮ ಕರಾವಳಿಯ ಸರಕು ಸಾಗಣೆ ಬಹುಪಾಲು ಬ್ರಿಟಿಷ್ ಕಂಪನಿಗಳ ಕೈಯಲ್ಲಿತ್ತು. ಹೊಸ ಕಂಪನಿಯನ್ನು ಮುಗಿಸಲು ಅವರು ಬಾಡಿಗೆ ದರವನ್ನು ನೆಲಕ್ಕಿಳಿಸಿದರು. ಬರ್ಮಾದ ಅಕ್ಕಿ ತರುವ ಮಾರ್ಗದಲ್ಲಂತೂ ನಷ್ಟಕ್ಕೇ ಹಡಗು ಓಡಿಸುವ ಪೈಪೋಟಿ ನಡೆಯಿತು. ಕೊನೆಗೆ 1923ರಲ್ಲಿ ಹತ್ತು ವರ್ಷಗಳ ಒಪ್ಪಂದವಾಯಿತು. ಸಿಂಧಿಯಾ ಕಂಪನಿ ಕರಾವಳಿಯಲ್ಲಷ್ಟೇ ವ್ಯಾಪಾರ ಮಾಡಬೇಕು, ಹಡಗುಗಳ ಒಟ್ಟು ಗಾತ್ರ ಇಂತಿಷ್ಟನ್ನು ಮೀರಬಾರದು ಎಂಬ ಕಟ್ಟುಪಾಡಿಗೆ ಒಪ್ಪಬೇಕಾಯಿತು. ಅವಮಾನವೆನಿಸಿದರೂ ಕಂಪನಿ ಉಳಿಯಿತು. 1929ರಿಂದ 1950ರವರೆಗೆ ವಾಲ್‌ಚಂದರೇ ಅದರ ಅಧ್ಯಕ್ಷರಾಗಿದ್ದರು.

ಬೇರೆಯವರು ಕಟ್ಟಿದ ಹಡಗನ್ನು ಕೊಂಡು ಓಡಿಸುವವರೆಗೆ ಬೇರೆಯವರ ಮರ್ಜಿಯಲ್ಲೇ ಬದುಕಬೇಕು ಎಂಬ ಪಾಠವನ್ನು ಅವರು ಇದರಿಂದ ಕಲಿತರು. ಮುಂಬಯಿಯಲ್ಲೇ ವಾಡಿಯಾ ಮನೆತನದ ಪಾರ್ಸಿ ಕುಶಲಕರ್ಮಿಗಳು ತೇಗದ ಮರದಿಂದ ಬ್ರಿಟಿಷ್ ನೌಕಾಪಡೆಗೂ ಹಡಗು ಕಟ್ಟಿಕೊಟ್ಟಿದ್ದರು. ಅವರು 1817ರಲ್ಲಿ ಕಟ್ಟಿದ ಟ್ರಿಂಕೋಮಲಿ ಹಡಗು ಇಂಗ್ಲೆಂಡಿನಲ್ಲಿ ಇಂದಿಗೂ ಉಳಿದಿದೆ. ಕಬ್ಬಿಣ ಮತ್ತು ಉಗಿಯ ಕಾಲ ಬಂದಾಗ ಆ ವಿದ್ಯೆ ನಮ್ಮ ಕೈತಪ್ಪಿತ್ತು. ಅದನ್ನು ಮರಳಿ ತರಬೇಕೆಂಬುದು ವಾಲ್‌ಚಂದರ ಹಂಬಲವಾಯಿತು.

ದಡವೇ ಸಿಗಲಿಲ್ಲ

ಹಡಗು ಕಟ್ಟುವ ಕಾರ್ಖಾನೆಗೆ ಎಲ್ಲ ಜಾಗವೂ ಆಗುವುದಿಲ್ಲ. ನೀರಿನ ಕಡೆಗೆ ಇಳಿಜಾರಾದ ಗಟ್ಟಿ ಕಟ್ಟೆಯ ಮೇಲೆ ಹಡಗನ್ನು ಕಟ್ಟಿ, ಕೊನೆಗೆ ಅದನ್ನು ಜಾರಿಸಿ ನೀರಿಗೆ ಬಿಡಬೇಕು. ಸಾವಿರಾರು ಟನ್ ಭಾರ ತಡೆಯುವ ನೆಲ ಬೇಕು. ಎದುರಿಗೆ ಆಳವಾದ ನೀರಿರಬೇಕು, ಇಳಿದ ಹಡಗು ಎದುರು ದಡಕ್ಕೆ ಬಡಿಯದಷ್ಟು ಅಗಲವೂ ಬೇಕು. ಅಲೆ, ಚಂಡಮಾರುತಗಳಿಂದ ಮರೆ ಇರಬೇಕು. ಉಕ್ಕು, ಕಲ್ಲಿದ್ದಲು ಬರಲು ರೈಲು ಬೇಕು. ಮುಂದೆ ಬೆಳೆಯಲು ಪಕ್ಕದಲ್ಲಿ ಖಾಲಿ ಜಾಗವೂ ಇರಬೇಕು. ಇವೆಲ್ಲ ಒಟ್ಟಿಗೆ ಸಿಗುವ ದಡ ಒಂದು ದೇಶದಲ್ಲಿ ಕೆಲವೇ ಕಡೆ ಇರುತ್ತದೆ. ಅಂಥ ಕಡೆಗಳಲ್ಲಿ ಆಗಲೇ ಗೋದಾಮು, ಧಕ್ಕೆ, ರೈಲ್ವೆ ಯಾರ್ಡುಗಳು ಬಂದು ಕುಳಿತಿರುತ್ತವೆ.

ಮುಂಬಯಿಯಲ್ಲಿ ಆದದ್ದೂ ಇದೇ. ಅಲ್ಲಿನ ಪೂರ್ವ ದಡದ ಬಹುಭಾಗ 1873ರಲ್ಲಿ ಸ್ಥಾಪನೆಯಾದ ಪೋರ್ಟ್ ಟ್ರಸ್ಟಿನ ಸ್ವತ್ತಾಗಿತ್ತು. ಹತ್ತಿ, ಧಾನ್ಯ, ಎಣ್ಣೆಗಳ ವಹಿವಾಟಿಗೆ ಆ ನೆಲ ಹಂಚಿಹೋಗಿತ್ತು. ಹಡಗು ಕಾರ್ಖಾನೆಗೆ ಬೇಕಾದಂಥ ಜಾಗ ಅಲ್ಲಿ ಒದಗಲಿಲ್ಲ.

ಹಾಗಾಗಿ ದೃಷ್ಟಿ ಕಲ್ಕತ್ತೆಯ ಕಡೆ ಹೋಯಿತು. ಹೂಗ್ಲಿ ನದಿಯ ದಡದಲ್ಲಿ ಎಂಜಿನಿಯರಿಂಗ್ ವರ್ಕ್‌ಶಾಪುಗಳಿದ್ದವು, ಕೆಲಸ ಬಲ್ಲ ಕಾರ್ಮಿಕರಿದ್ದರು. ಜಮ್‌ಶೆಡ್‌ಪುರದ ಉಕ್ಕು, ಬಂಗಾಳ ಬಿಹಾರಗಳ ಕಲ್ಲಿದ್ದಲು ಹತ್ತಿರ. ಲೆಕ್ಕಾಚಾರದ ಪ್ರಕಾರ ಕಲ್ಕತ್ತೆಯೇ ಮೊದಲ ಆಯ್ಕೆ. ಆದರೆ ನದಿ ದಡದ ನೆಲ ಕಲ್ಕತ್ತಾ ಪೋರ್ಟ್ ಕಮಿಷನರುಗಳ ಅಧೀನದಲ್ಲಿತ್ತು. ಆ ಮಂಡಳಿಯಲ್ಲಿ ಯುರೋಪಿಯನ್ ವ್ಯಾಪಾರಿಗಳದ್ದೇ ಮೇಲುಗೈ. ಮಾತುಕತೆ ಎಳೆಯಿತು. ಕೊನೆಗೆ ಬಂದ ಷರತ್ತುಗಳು ದೊಡ್ಡ ಬಂಡವಾಳ ಹೂಡುವ ಯಾವ ವ್ಯಾಪಾರಿಯೂ ಒಪ್ಪುವಂಥವಾಗಿರಲಿಲ್ಲ. ಬಾಯಲ್ಲಿ ಇಲ್ಲ ಎನ್ನದೆ ಷರತ್ತಿನಲ್ಲೇ ಇಲ್ಲ ಎನಿಸುವ ವಿದ್ಯೆ ವ್ಯಾಪಾರದಲ್ಲಿ ಇದ್ದವರಿಗೆ ಹೊಸದಲ್ಲ.

ಬಂದರು ಮಂಡಳಿಯವರ ಕಡೆಯಿಂದ ನೋಡಿದರೆ ದಡದ ನೆಲ ಕಡಿಮೆ, ಬೇಡಿಕೆ ಹೆಚ್ಚು. ದಿನವೂ ಬಂದುಹೋಗುವ ಹಡಗುಗಳಿಂದ ಅವರಿಗೆ ಆದಾಯ. ಕಾರ್ಖಾನೆಗೆ ಕೊಟ್ಟ ನೆಲ ತಲೆಮಾರುಗಳವರೆಗೆ ಮರಳಿ ಬರುವುದಿಲ್ಲ. ಈ ಲೆಕ್ಕ ಪೂರ್ತಿ ತಪ್ಪೇನಲ್ಲ. ಆದರೆ ದೇಶಕ್ಕೆ ಸ್ವಂತ ಹಡಗು ಬೇಕೋ ಬೇಡವೋ ಎಂಬ ದೊಡ್ಡ ಪ್ರಶ್ನೆಯನ್ನು, ಬ್ರಿಟಿಷ್ ಹಡಗು ಕಂಪನಿಗಳ ಜೊತೆ ವ್ಯವಹಾರ ಇದ್ದವರೇ ಕುಳಿತು ತೀರ್ಮಾನಿಸುವಂತಿತ್ತು. ಅನ್ಯಾಯ ಅಲ್ಲಿತ್ತು.

ವಿಶಾಖಪಟ್ಟಣದ ಜೌಗು

ಕಲ್ಕತ್ತೆ ಕೈಬಿಟ್ಟ ಮೇಲೆ ಆಯ್ಕೆಯಾದದ್ದು ವಿಶಾಖಪಟ್ಟಣ. ಆಗ ಅದು ಮದ್ರಾಸ್ ಪ್ರಾಂತ್ಯದ ಸಣ್ಣ ಊರು. ಬಂದರು ತೀರ ಹೊಸದು. ಮಧ್ಯ ಪ್ರಾಂತ್ಯದ ಮ್ಯಾಂಗನೀಸ್ ಅದಿರನ್ನು ಸಾಗಿಸಲೆಂದು ಮೇಘಾದ್ರಿಗೆಡ್ಡ ಹೊಳೆಯ ಅಳಿವೆಯ ಜೌಗನ್ನು ಅಗೆದು, ಹೂಳೆತ್ತಿ ಅದನ್ನು ನಿರ್ಮಿಸಲಾಗಿತ್ತು. ಸಮುದ್ರದ ಹೊಡೆತ ತಡೆಯಲು ಹಳೆಯ ಎರಡು ಹಡಗುಗಳನ್ನೇ ಬಾಯಿಯ ಬಳಿ ಮುಳುಗಿಸಿ ಒಡ್ಡು ಮಾಡಲಾಗಿತ್ತು. 1933ರ ಅಕ್ಟೋಬರ್ 7ರಂದು ಆ ಬಂದರಿಗೆ ಬಂದ ಮೊದಲ ಹಡಗು ಸಿಂಧಿಯಾ ಕಂಪನಿಯ ಜಲದುರ್ಗಾ ಎಂಬುದು ಯೋಗಾಯೋಗ.

ಡಾಲ್ಫಿನ್ಸ್ ನೋಸ್ ಎಂಬ ಗುಡ್ಡ ಸಮುದ್ರದ ಕಡೆಗೆ ಗೋಡೆಯಂತೆ ನಿಂತು ಒಳಬಂದರಿಗೆ ಮರೆ ಕೊಡುತ್ತದೆ. ಬೆಂಗಾಲ್ ನಾಗಪುರ ರೈಲ್ವೆ ಜಾಲದ ಮೂಲಕ ಜಮ್‌ಶೆಡ್‌ಪುರದ ಉಕ್ಕು ತರಿಸಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ದಡ ಇನ್ನೂ ಖಾಲಿ ಇತ್ತು. ಬಂದರು ವ್ಯಾಪಾರಿಗಳ ಮಂಡಳಿಯ ಕೈಯಲ್ಲಿರದೆ ಕೇಂದ್ರ ಸರ್ಕಾರಕ್ಕೆ ಸೇರಿತ್ತು. ಕೊರತೆಯೆಂದರೆ ನೆಲವೇ. ಮೆತ್ತನೆಯ ಕೆಸರು, ಉಪ್ಪು ನೀರಿನ ಜೌಗು. ಮಣ್ಣು ತುಂಬಿ, ಕಂಬ ಇಳಿಸಿ, ಮೊದಲು ನೆಲವನ್ನೇ ತಯಾರು ಮಾಡಿಕೊಳ್ಳಬೇಕಿತ್ತು. ಇಪ್ಪತ್ತು ವರ್ಷ ಸುರಂಗ, ಸೇತುವೆ, ಕೊಳವೆ ಕೆಲಸ ಮಾಡಿಸಿದ್ದ ಗುತ್ತಿಗೆದಾರ ವಾಲ್‌ಚಂದರು ಇದಕ್ಕೆ ಹೆದರಲಿಲ್ಲ.

1941ರ ಜೂನ್ 21ರಂದು ಡಾ. ರಾಜೇಂದ್ರ ಪ್ರಸಾದ್ ಅವರು ಶಿಪ್‌ಯಾರ್ಡಿಗೆ ಶಂಕುಸ್ಥಾಪನೆ ಮಾಡಿದರು. ಆ ಜಾಗಕ್ಕೆ ಗಾಂಧಿಗ್ರಾಮ ಎಂದು ಹೆಸರಿಡಲಾಯಿತು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಯುದ್ಧಕ್ಕೆ ಹಡಗು ಬೇಕೆಂಬುದು ಎಲ್ಲರಿಗೂ ಗೊತ್ತಿದ್ದರೂ ಸರ್ಕಾರ ಈ ಕಾರ್ಖಾನೆಯನ್ನು ಯುದ್ಧ ಕಾರ್ಯದ ಪಟ್ಟಿಗೆ ಸೇರಿಸಲಿಲ್ಲ. ಹಾಗಾಗಿ ಯಂತ್ರೋಪಕರಣ ತರಿಸುವುದೇ ಕಷ್ಟವಾಯಿತು. 1942ರ ಏಪ್ರಿಲ್ 6ರಂದು ಜಪಾನಿ ವಿಮಾನಗಳು ವಿಶಾಖಪಟ್ಟಣದ ಮೇಲೆ ಬಾಂಬು ಹಾಕಿದವು. ಊರಿನ ಜನ ಗುಳೆ ಎದ್ದರು. ಶಿಪ್‌ಯಾರ್ಡಿನ ಯಂತ್ರಗಳನ್ನು ಬಿಚ್ಚಿ ಮುಂಬಯಿಗೆ ಸಾಗಿಸಬೇಕಾಯಿತು. ಕಷ್ಟಪಟ್ಟು ಸಿದ್ಧಮಾಡಿದ ದಡದಲ್ಲಿ ಕೆಲಸ ನಿಂತಿತು.

ಮೈಸೂರು ಕೊಟ್ಟ ನೆಲ

ಇದೇ ಸಮಯದಲ್ಲಿ ನಮ್ಮ ಬೆಂಗಳೂರಿನಲ್ಲಿ ನಡೆದ ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1939ರಲ್ಲಿ ವಿಮಾನಯಾನವೊಂದರಲ್ಲಿ ವಾಲ್‌ಚಂದರಿಗೆ ಅಮೆರಿಕದ ವಿಲಿಯಂ ಪಾಲಿ ಎಂಬುವರ ಪರಿಚಯವಾಯಿತು. ಪಾಲಿಯವರು ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸಿದವರು. ಭಾರತದಲ್ಲೂ ಅಂಥದ್ದು ಬೇಕೆಂದು ವಾಲ್‌ಚಂದರು ನಿಶ್ಚಯಿಸಿದರು. ವಿಮಾನ ಕಾರ್ಖಾನೆಗೆ ಕಡಲ ದಡ ಬೇಕಿಲ್ಲ. ಶತ್ರುವಿನ ಹಡಗುಗಳಿಂದ ದೂರವಿದ್ದಷ್ಟೂ ಒಳ್ಳೆಯದು. ಒಣ ಹವೆ, ವಿದ್ಯುತ್ತು, ಟಾಟಾ ವಿಜ್ಞಾನ ಸಂಸ್ಥೆ, ಭದ್ರಾವತಿಯ ಉಕ್ಕು ಇವೆಲ್ಲ ಬೆಂಗಳೂರಿನ ಪರವಾಗಿದ್ದವು.

ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೈಸೂರು ಸರ್ಕಾರ ಸುಮಾರು 700 ಎಕರೆ ನೆಲವನ್ನು ಕೊಟ್ಟು, ಬಂಡವಾಳಕ್ಕೆ 25 ಲಕ್ಷ ರೂಪಾಯಿ ಹಾಕಿ ಜೊತೆಯಾಯಿತು. 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ಮರುವರ್ಷವೇ ಮೊದಲ ವಿಮಾನ ಹಾರಿತು. ಕಲ್ಕತ್ತೆಯಲ್ಲಿ ಮಾತುಕತೆಯಲ್ಲೇ ಕಳೆದ ಕಾಲವನ್ನು ಇದರ ಜೊತೆ ಹೋಲಿಸಿದರೆ, ನೆಲದ ಒಡೆಯನ ಮನಸ್ಸು ಎಷ್ಟು ದೊಡ್ಡ ಬಂಡವಾಳ ಎಂಬುದು ಅರ್ಥವಾಗುತ್ತದೆ.

ಯುದ್ಧ ಹತ್ತಿರ ಬಂದಂತೆ ಭಾರತ ಸರ್ಕಾರ 1942ರಲ್ಲಿ ವಾಲ್‌ಚಂದರ ಪಾಲನ್ನು ಕೊಂಡುಕೊಂಡಿತು. ಕಾರ್ಖಾನೆ ಅವರ ಕೈಬಿಟ್ಟಿತು, ನೆಲದ ಕೆಲಸ ನಿಲ್ಲಲಿಲ್ಲ. ಯುದ್ಧಕಾಲದಲ್ಲಿ ಅಲ್ಲಿ ಮಿತ್ರಪಕ್ಷಗಳ ವಿಮಾನಗಳ ದುರಸ್ತಿ ನಡೆಯಿತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ಹತ್ತಿರದ ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದವು. ಇಂದು ಆ ಕೆರೆಯ ಹೆಸರು ಕೇಳಿದರೆ ನೆನಪಾಗುವುದು ನಗರದ ಕೊಳಚೆ, ನೊರೆ ಮತ್ತು ಬೆಂಕಿ. ಆಗ ಊರಾಚೆ ಇದ್ದ ಕಾರ್ಖಾನೆ ಈಗ ಊರ ನಡುವೆ ಇದೆ. ದಡದಲ್ಲಿ ಏನು ಬರಬೇಕು, ಏನು ಬರಬಾರದು ಎಂಬುದನ್ನು ಸಮಯಕ್ಕೆ ಸರಿಯಾಗಿ ನಿಶ್ಚಯಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಣ್ಣೆದುರಿನ ಉದಾಹರಣೆ ಅದು.

ಜಲ ಉಷಾ

ಯುದ್ಧ ಮುಗಿದ ಮೇಲೆ ವಿಶಾಖಪಟ್ಟಣದಲ್ಲಿ ಮತ್ತೆ ಕೆಲಸ ಆರಂಭವಾಯಿತು. 1948ರ ಮಾರ್ಚ್ 14ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಜಲ ಉಷಾ ಹಡಗನ್ನು ನೀರಿಗಿಳಿಸಿದರು. 8,000 ಟನ್ ಸಾಮರ್ಥ್ಯದ ಈ ಹಡಗು ಸ್ವತಂತ್ರ ಭಾರತದಲ್ಲಿ ನೀರಿಗಿಳಿದ ಮೊದಲ ದೊಡ್ಡ ಉಕ್ಕಿನ ಉಗಿ ಹಡಗು. ಲಾಯಲ್ಟಿ ಹೊರಟು ಆಗ 29 ವರ್ಷ ತುಂಬುತ್ತ ಬಂದಿತ್ತು. ವಾಲ್‌ಚಂದರ ವಯಸ್ಸು 65.

ಹಡಗು ನೀರಿಗಿಳಿದರೂ ಲೆಕ್ಕ ಕೂಡಲಿಲ್ಲ. ವಿಶಾಖಪಟ್ಟಣದಲ್ಲಿ ಕಟ್ಟಿದ ಹಡಗಿನ ಖರ್ಚು ಇಂಗ್ಲೆಂಡಿನಲ್ಲಿ ಕಟ್ಟಿದ್ದಕ್ಕಿಂತ ಹೆಚ್ಚು ಬೀಳುತ್ತಿತ್ತು. ಎಂಜಿನ್ ಹೊರಗಿನಿಂದ ಬರಬೇಕು, ಕೆಲಸಗಾರರಿಗೆ ತರಬೇತಿ ಆಗಬೇಕು, ಆರ್ಡರುಗಳು ಸಾಲದು. ಸರ್ಕಾರದ ಸಹಾಯಧನವಿಲ್ಲದೆ ಶಿಪ್‌ಯಾರ್ಡ್ ನಡೆಯುವ ಹಾಗಿರಲಿಲ್ಲ. ಒಟ್ಟೊಟ್ಟಿಗೆ ಹಲವು ಉದ್ಯಮಗಳಿಗೆ ಕೈಹಾಕಿ, ಸಾಲದ ಮೇಲೆ ಸಾಲ ಮಾಡುತ್ತಾರೆಂಬ ಟೀಕೆ ವಾಲ್‌ಚಂದರ ಮೇಲೆ ಮೊದಲಿನಿಂದಲೂ ಇತ್ತು. ಅದರಲ್ಲಿ ಸತ್ಯವೂ ಇತ್ತು. ಹಟ ಅವರ ಗುಣ, ಅದೇ ಅವರ ದೋಷ.

1949ರಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. 1950ರಲ್ಲಿ ವ್ಯವಹಾರದಿಂದ ನಿವೃತ್ತರಾದರು. 1952ರ ಜನವರಿಯಲ್ಲಿ ಶಿಪ್‌ಯಾರ್ಡಿನ ಮೂರನೇ ಎರಡು ಪಾಲು ಸರ್ಕಾರದ ಕೈಗೆ ಹೋಗಿ ಹಿಂದೂಸ್ತಾನ್ ಶಿಪ್‌ಯಾರ್ಡ್ ಎಂಬ ಹೊಸ ಕಂಪನಿಯಾಯಿತು. ಉಳಿದ ಪಾಲನ್ನೂ 1961ರಲ್ಲಿ ಸರ್ಕಾರ ಕೊಂಡಿತು. ಅದನ್ನು ನೋಡಲು ವಾಲ್‌ಚಂದರು ಇರಲಿಲ್ಲ. 1953ರ ಏಪ್ರಿಲ್ 8ರಂದು, ಲಾಯಲ್ಟಿ ಹೊರಟ ದಿನಕ್ಕೆ 34 ವರ್ಷ ತುಂಬಿದ ಮೂರೇ ದಿನಕ್ಕೆ, ಗುಜರಾತಿನ ಸಿದ್ಧಪುರದಲ್ಲಿ ಅವರು ದೇಹ ಬಿಟ್ಟರು. ಕೊನೆಯ ದಿನಗಳಲ್ಲಿ ಅವರ ಶುಶ್ರೂಷೆ ಮಾಡಿದವರು ಪತ್ನಿ ಕಸ್ತೂರಬಾಯಿ.

ದಡದ ಮುಂದಿನ ಕತೆ

ಒಂದು ದಡಕ್ಕೆ ಒಮ್ಮೆ ಕಾರ್ಖಾನೆ ಬಂತೆಂದರೆ ಅದರ ಹಿಂದೆ ಇನ್ನೊಂದು ಬರುತ್ತದೆ. ವಿಶಾಖಪಟ್ಟಣದಲ್ಲಿ 1957ರಲ್ಲಿ ಕಾಲ್ಟೆಕ್ಸ್ ತೈಲ ಶುದ್ಧೀಕರಣ ಘಟಕ, 1960ರ ದಶಕದಲ್ಲಿ ಗೊಬ್ಬರದ ಕಾರ್ಖಾನೆ, ಆಮೇಲೆ ಅದಿರು ಸಾಗಿಸಲು ಹೊರಬಂದರು ಬಂದವು. ನೌಕಾಪಡೆಯ ಪೂರ್ವ ಕಮಾಂಡ್ ಅಲ್ಲಿ ನೆಲೆಯೂರಿತು. ಲಕ್ಷಾಂತರ ಕುಟುಂಬಗಳಿಗೆ ಅನ್ನ ಸಿಕ್ಕಿತು. ಸಣ್ಣ ಊರು ಮಹಾನಗರವಾಯಿತು.

ಜನರೂ ಆ ಕಾರ್ಖಾನೆಗಳ ಬೇಲಿಯವರೆಗೆ ಮನೆ ಕಟ್ಟಿದರು. ಗುಡ್ಡಗಳ ನಡುವಿನ ಬೋಗುಣಿಯಂಥ ಊರಿನಲ್ಲಿ ಹೊಗೆ ಮತ್ತು ಅದಿರಿನ ಧೂಳು ಹೊರಹೋಗಲು ದಾರಿ ಕಡಿಮೆ. 1997ರ ಸೆಪ್ಟೆಂಬರಿನಲ್ಲಿ ತೈಲ ಘಟಕದಲ್ಲಿ ಅನಿಲ ಸೋರಿ ಬೆಂಕಿ ಹತ್ತಿದಾಗ ಐವತ್ತಕ್ಕೂ ಹೆಚ್ಚು ಜನ ಸತ್ತರು. ಕಾರ್ಖಾನೆ ಮೊದಲೋ ಮನೆ ಮೊದಲೋ ಎಂಬ ವಾದದಿಂದ ಹೋದ ಜೀವ ಬರುವುದಿಲ್ಲ. ಎರಡರ ನಡುವೆ ಇರಬೇಕಾದ ಅಂತರವನ್ನು ಮೊದಲೇ ಗುರುತು ಮಾಡಿ ಕಾಯ್ದುಕೊಳ್ಳುವುದು ನಗರ ಯೋಜನೆಯ ಕೆಲಸ. ನೀರಿನಲ್ಲಿ, ಗಾಳಿಯಲ್ಲಿ, ಮಣ್ಣಿನಲ್ಲಿ ಜೀವವಿದೆ ಎಂದು ನಂಬುವ ಧರ್ಮಕ್ಕೆ ಸೇರಿದವರಿಗೆ ಇದು ಬರಿಯ ಸರ್ಕಾರಿ ನಿಯಮದ ಮಾತಾಗಿ ಕಾಣಬಾರದು. ಉದ್ಯಮ ನಡೆಸುವ ಶ್ರಾವಕ ಕೈಗಾರಿಕಾ ವಸಾಹತಿನಲ್ಲಿ ಸೈಟು ಹಿಡಿಯುವಾಗ ಕೊಳಚೆ ಯಾವ ಹಳ್ಳಕ್ಕೆ ಹೋಗುತ್ತದೆ, ಗೋಡೆಯಾಚೆ ಯಾರ ಮನೆಯಿದೆ ಎಂದು ಕೇಳಿಕೊಳ್ಳುವುದೂ ಅಹಿಂಸೆಯ ಆಚರಣೆಯೇ.

ಸಾಂಗ್ಲಿ ಮತ್ತು ಸೊಲ್ಲಾಪುರಗಳಲ್ಲಿ ವಾಲ್‌ಚಂದರ ಹೆಸರಿನ ಎಂಜಿನಿಯರಿಂಗ್ ಕಾಲೇಜುಗಳಿವೆ. ಉತ್ತರ ಕರ್ನಾಟಕದ ಎಷ್ಟೋ ಮನೆಗಳಿಗೆ ಅವು ಪರಿಚಿತ. ಪುಣೆ ಜಿಲ್ಲೆಯಲ್ಲಿ ಬರಡು ನೆಲದ ಮೇಲೆ ಎದ್ದ ವಾಲ್‌ಚಂದ್‌ನಗರವಿದೆ. 2004ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರತಂದಿತು. ಆದರೆ ಅವರು ಬಹಳ ಕಷ್ಟಪಟ್ಟು ಕಟ್ಟಿದ ಎರಡು ದೊಡ್ಡ ಸಂಸ್ಥೆಗಳಾದ ವಿಮಾನ ಕಾರ್ಖಾನೆ ಮತ್ತು ಶಿಪ್‌ಯಾರ್ಡ್‌ಗಳ ಹೆಸರಿನಲ್ಲಿ ವಾಲ್‌ಚಂದ್ ಎಂಬ ಪದವಿಲ್ಲ, ಅವುಗಳ ಒಡೆತನವೂ ಅವರ ಕುಟುಂಬದ್ದಲ್ಲ. ವಾಲ್‌ಚಂದರು ತ್ಯಾಗಿಯಾಗಿರಲಿಲ್ಲ, ಲಾಭ ನೋಡುವ ವ್ಯಾಪಾರಿಯೇ ಆಗಿದ್ದರು. ಆದರೂ ಕೈಬಿಟ್ಟುಹೋದ ಮೇಲೂ ಉಳಿದು ನಡೆಯುವ ಕೆಲಸವನ್ನು ಮಾಡಿಹೋದರು. ಗಳಿಸಿದ್ದು ಯಾರ ಬಳಿ ಉಳಿಯಿತು ಎನ್ನುವುದಕ್ಕಿಂತ ಎಷ್ಟು ಜನರಿಗೆ ಉಪಯೋಗವಾಯಿತು ಎಂದು ಲೆಕ್ಕ ಹಾಕುವುದಾದರೆ ಅವರ ಖಾತೆಯಲ್ಲಿ ಜಮೆಯೇ ಹೆಚ್ಚು.

ಪ್ರತಿ ವರ್ಷ ಏಪ್ರಿಲ್ 5ರಂದು ದೇಶದ ಬಂದರುಗಳಲ್ಲಿ ಕಡಲಯಾನ ದಿನ ನಡೆಯುತ್ತದೆ. ಆ ದಿನ ನಮ್ಮ ಮನೆಗಳಲ್ಲೂ ಮಕ್ಕಳಿಗೆ ಸೊಲ್ಲಾಪುರದ ಈ ಜೈನ ವ್ಯಾಪಾರಿಯ ಕತೆಯನ್ನು, ಅವರಿಗೆ ಸಿಗದೆ ಹೋದ ದಡದ ಕತೆಯನ್ನೂ ಸೇರಿಸಿ ಹೇಳಬೇಕು.